ಬೆಳಕಿಂಡಿಯಿಂದ ಇಳಿದ ತಂತಿ

ಯರಗುಪ್ಪಿಯ ನಮ್ಮ ಮನೆಗೆ ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ಬೇಸಿಗೆಯ ಝಳ, ಓಣಿಯ ಜಗಳ, ಮೊಬೈಲಿನ ಸಿಗ್ನಲ್ಲು, ಮೂರನ್ನೂ ಅದು ನಿಷ್ಪಕ್ಷಪಾತವಾಗಿ ಹೊರಗೇ ನಿಲ್ಲಿಸುತ್ತದೆ. ಸಿಗ್ನಲ್ಲು ಬೇಕಾದವರು ಮಾಳಿಗೆ ಹತ್ತಬೇಕು. ಎಂಬತ್ತು ದಾಟಿದ ನನ್ನ ಸೋದರತ್ತೆ ಹತ್ತಲಾರಳು. ಪುಣೆಯಲ್ಲಿರುವ ಅವಳ ಒಬ್ಬಳೇ ಮಗಳು ಫೋನು ಮಾಡಿದಾಗಲೆಲ್ಲ ನಾನು ಮೇಲೆ ನಿಂತು ಕೇಳಿ, ಚಾವಣಿಯ ಬೆಳಕಿಂಡಿಗೆ ಬಾಯಿಟ್ಟು ಕೆಳಗೆ ಒದರುತ್ತಿದ್ದೆ. ಅಷ್ಟು ದೂರ ಗಾಳಿಯಲ್ಲಿ ಬಂದ ಮಾತು ಕೊನೆಯ ಹತ್ತಡಿ ಮಾತ್ರ ನನ್ನ ಗಂಟಲಲ್ಲಿ ಬರುತ್ತಿತ್ತು. ನನ್ನಂಥ ನಿವೃತ್ತ ಮಾಸ್ತರನಿಗೆ ಇದೇನು ಸಣ್ಣ ಹುದ್ದೆಯೇ?

"ನಿನ್ನ ದನಿ ದಿನಾ ಕೇಳ್ತೀನಲೇ. ಆಕೀ ದನಿ ಬೇಕು ನನಗ," ಎನ್ನುತ್ತಿದ್ದಳು ಅತ್ತೆ.

ಮಗಳಿಗೆ ಹೊಟ್ಟೆಯ ಆಪರೇಶನ್ನು ನಿಗದಿಯಾಯಿತು. ಆಪರೇಶನ್ನಿನ ದಿನವೇ ಮಧ್ಯಾಹ್ನ, ನಾನು ಹೇಳಿಕಳಿಸಿದ್ದ ಇಂಟರ್ನೆಟ್ ಕೇಬಲ್ಲಿನವನು ಬಂದ. ಗೋಡೆಗೆ ತೂತು ಕೊರೆಯಲಾಗದೆ ಸೋತು, ಬೆಳಕಿಂಡಿಯಿಂದಲೇ ಇಳಿಸುತ್ತೇನೆಂದು ನನ್ನೊಡನೆ ಮಾಳಿಗೆ ಹತ್ತಿದ.

"ಇದರಾಗ ತಾಮ್ರ ಇಲ್ಲರೀ. ಕೂದಲಿನಂಥಾ ಗಾಜಿನ ಎಳಿ. ಮಾತೆಲ್ಲಾ ಬೆಳಕಾಗಿ ಹೊಕ್ಕಾವ."

"ಹಂಗಾದ್ರ ಬೆಳಕಿಂಡಿಯಿಂದ ಬರೂದ ಶಾಸ್ತ್ರ ಬಿಡಪಾ," ಎಂದೆ.

ಎಳೆ ಕೆಳಗಿಳಿಯಿತು. ಖುಷಿಗೆ, ರೂಢಿಯಂತೆ ಬೆಳಕಿಂಡಿಗೆ ಬಾಯಿಟ್ಟು ಒದರಿದೆ: "ಅತ್ತೀ, ತಂತಿ ಬಂತು!"

ಅತ್ತೆಯ ಕಾಲದಲ್ಲಿ ಅಂಚೆಯವನು ತಂದ ತಂತಿ ಎಂದೂ ಒಳ್ಳೆಯ ಸುದ್ದಿ ಹೇಳಿದ್ದಿಲ್ಲ. ಕೆಳಗೆ ಗಂಗಾಳ ಬಿದ್ದ ಸಪ್ಪಳವಾಯಿತು. ಆಮೇಲೆ, "ಅಯ್ಯೋ ನನ್ನ ಮಗಳ!"

ನಾನು ನಿಚ್ಚಣಿಕೆ ಇಳಿಯುವಷ್ಟರಲ್ಲಿ ಅರ್ಧ ಓಣಿ ಪಡಸಾಲೆಯಲ್ಲಿತ್ತು. ಬಾಜು ಮನೆಯವರು ರುಮಾಲು ತೆಗೆದು, "ಯಾವಾಗ ಆತ್ರಿ?" ಎಂದರು.

"ಯಾರೂ ಹೋಗಿಲ್ಲೋ ಮಾರಾಯಾ! ಇಂಟರ್ನೆಟ್ ಬಂದೈತಿ!"

"ಹಂಗಾರ ಆಪರೇಶನ್ ಹೆಂಗಾತ್ರಿ?"

ಅದು ನನಗೂ ಗೊತ್ತಿರಲಿಲ್ಲ. ಪುಣೆಯಿಂದ ಫೋನು ಇನ್ನೂ ಬಂದಿರಲಿಲ್ಲ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಹಿಂದೆಯೇ ಇಳಿದಿದ್ದ ಕೇಬಲ್ಲಿನವನು ಮಾತ್ರ ತಲೆ ಎತ್ತದೆ ಎಳೆಗೆ ಎಳೆ ಬೆಸೆಯುತ್ತ ಕುಳಿತಿದ್ದ. ಅಂಥ ಗದ್ದಲದಲ್ಲೂ ನಡುಗದ ಆ ಕೈಗಳಿಗೆ ನಾನು ಇಂದಿಗೂ ಋಣಿ.

ಅವನು ಕೂಡಿಸಿದ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಅತ್ತೆಯ ಅಳಿಯನಿಗೆ ವಿಡಿಯೋ ಕಾಲ್ ಹಚ್ಚಿದೆ. ಆಸ್ಪತ್ರೆಯ ಮಂಚ, ದಿಂಬು, ಅದರ ಮೇಲೆ ಬಿಳಿಚಿದ ಮುಖ.

"ಯವ್ವಾ, ಆರಾಮ ಅದೀನಿ. ಯಾಕ ಅಳ್ತೀ?"

"ನೀ ಸತ್ತೀ ಅಂತ ಇಂವ ಮಾಳಗಿ ಮ್ಯಾಲ ನಿಂತು ಡಂಗುರಾ ಹೊಡದಾ!"

ಮಗಳು ನಕ್ಕು, ಹೊಲಿಗೆ ನೋಯಿತೆಂದು ಹೊಟ್ಟೆ ಹಿಡಿದುಕೊಂಡಳು. ಅತ್ತೆ ಆ ನಗುವನ್ನು ಬಾಯಿ ತೆರೆದು ಕೇಳಿದಳು.

ಕೇಬಲ್ಲಿನವನು ಚೀಲ ಹೆಗಲಿಗೇರಿಸಿದ. "ಉಣ್ಣದ ಹೋದ್ರ ಹರದ ಒಗೀತೀನಿ ನೋಡು ನಿನ್ನ ತಂತೀನ," ಎಂದು ಅತ್ತೆ ಅವನನ್ನು ಕೂರಿಸಿ ಬಿಸಿ ರೊಟ್ಟಿಗೆ ಬೆಣ್ಣೆ ಹಾಕಿದಳು.

ಈಗ ನಮ್ಮಲ್ಲಿ ಅದನ್ನು ತಂತಿ ಎನ್ನುವಂತಿಲ್ಲ; ಅದರ ಹೆಸರು 'ದಾರ'. ಸಂಜೆ ಅತ್ತೆ ಬೆಳಕಿಂಡಿಯ ಕೆಳಗೆ ಕೂತು ಮಗಳೊಡನೆ ಮಾತಾಡುತ್ತಾಳೆ. ಹಳೆಯ ಹುದ್ದೆಯ ಚಟಕ್ಕೆ ನಾನು ನಡುವೆ ಬಾಯಿ ಹಾಕಿದರೆ, "ಸುಮ್ಮನಿರಲೇ, ಆಕೀ ದನಿ ಕೇಳವಲ್ದು," ಎನ್ನುತ್ತಾಳೆ.