ಹಲಗೆಯ ಕೆಳಗಿನ ಹಸಿರು

ಸವಣೂರಿನ ನಮ್ಮ ಮನೆಯ ಚಾವಣಿ ಮಣ್ಣಿನ ಮಾಳಿಗೆಯಾಗಿತ್ತು. ಮಳೆಗಾಲ ಮುಗಿದ ಮೇಲೆ ಅದರ ಮೇಲೆ ಕಪ್ಪು ಪದರೊಂದು ಉಳಿಯುತ್ತಿತ್ತು. ಬಿಸಿಲಿಗೆ ಸತ್ತ ಹಾಗೆ ಕಾಣುತ್ತಿತ್ತು, ನೀರು ಚಿಮುಕಿಸಿದರೆ ಹಸಿರು ಮಿಂಚುತ್ತಿತ್ತು. ಮುಂಗಾರಿನ ಮೊದಲ ಮಿರಗದ ಮಳೆಗೆ ಮುಂಚೆ ಪ್ರತಿ ವರ್ಷ ಅದನ್ನು ಕೆರೆದು, ನೀರು ಇಳಿಯಗೊಡದ ಹೊಸ ಸವಳು ಮಣ್ಣು ಹಾಕಬೇಕು. ಇಲ್ಲದಿದ್ದರೆ ಮನೆ ಸೋರುತ್ತದೆ.

ನಮ್ಮ ಯಜಮಾನರು ಬಂಕಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಾನು ಹಂಸಭಾವಿಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವಳು. ಆ ಪದರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ, ಗಿಡದ ಎಲೆಯಂತೆ ಬೆಳಕಿನಿಂದಲೇ ಅನ್ನ ಮಾಡಿಕೊಳ್ಳುತ್ತವೆ, ಇವುಗಳ ಬಳಗವೇ ರಾಜಸ್ಥಾನದ ಮರಳಿನಲ್ಲೂ ಬದುಕಿದೆ ಎಂದು ಅವರು ಹೇಳಿದ್ದರು. ಅಷ್ಟು ಬಿಸಿಲಿಗೆ ಸುಟ್ಟುಹೋಗುವುದಿಲ್ಲವೇ ಎಂದು ಕೇಳಿದೆ. ಬೆಳಕು ಬೇಕು, ಹೆಚ್ಚಾದರೆ ಅದೇ ಕೊಲ್ಲುತ್ತದೆ ಎಂದರು. ಅದಕ್ಕೆ ಅವು ಮೈಸುತ್ತ ಕಂದು ಬಣ್ಣದ ಹೊದಿಕೆ ಮಾಡಿಕೊಳ್ಳುತ್ತವೆ. ಅದನ್ನು ದಾಟಿ ಬಂದ ಹೆಚ್ಚಿನ ಬೆಳಕನ್ನು ಕಾವು ಮಾಡಿ ಹೊರಗೆ ಬಿಡುತ್ತವೆ. ತೇವ ಆರಿದರೆ ಕೆಲಸವನ್ನೇ ನಿಲ್ಲಿಸಿ ಸುಮ್ಮನಿರುತ್ತವೆ.

ಇದನ್ನು ಕಣ್ಣಾರೆ ನೋಡಬೇಕೆಂದು ಒಂದು ದೀಪಾವಳಿಯ ನಂತರ ಅವರು ಮಾಳಿಗೆಯ ಒಂದು ಮೂಲೆಯಲ್ಲಿ ಅರ್ಧ ಪದರಿಗೆ, ಇಟ್ಟಂಗಿಗಳ ಮೇಲೊಂದು ಹಲಗೆ ಇಟ್ಟು ನೆರಳು ಮಾಡಿದರು. ದಿನಾ ಬೆಳಗ್ಗೆ ಎರಡೂ ಕಡೆ ನೀರು ಚಿಮುಕಿಸುತ್ತಿದ್ದರು.

“ಹೇಂತಿಗೊಂದು ಛತ್ರಿ ತರಲಿಲ್ಲ, ಪಾಚಿಗೆ ಚಪ್ಪರ ಹಾಕ್ಯಾನ,” ಎಂದು ಅತ್ತೆ ಅಂಗಳದಿಂದಲೇ ಆಡಿಕೊಂಡರು.

ನೆರಳಿನಲ್ಲಿದ್ದದ್ದು ಎಳೆಯ ಹಸಿರಾಯಿತು. ಬೇಸಿಗೆಯಲ್ಲಿ ಹಲಗೆಯನ್ನು ಒಮ್ಮೆಲೇ ತೆಗೆದರು. ಕೆಲವೇ ದಿನಗಳಲ್ಲಿ ಆ ಹಸಿರು ಸುಣ್ಣದಂತೆ ಬಿಳುಪಾಯಿತು, ಪಕ್ಕದ ಕಪ್ಪು ಮಾತ್ರ ಹಾಗೇ ಉಳಿಯಿತು. ಅವರು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು.

“ಹಲಗಿ ಸಾವಕಾಶ ಸರಸಬೇಕಿತ್ತು. ಹೊದಿಕಿ ಮಾಡ್ಕೊಳ್ಳಾಕ ಅವಕ್ಕ ಯಾಳೇನ ಸಿಗಲಿಲ್ಲ.”

ಈ ಸಲ ಸಾವಕಾಶ ಸರಿಸುವುದೆಂದು ಮರುವರ್ಷ ಮತ್ತೆ ಹಲಗೆ ಇಟ್ಟರು. ಶಿವರಾತ್ರಿಗೆ ಮುಂಚೆ ಜ್ವರ ಬಂತು. ಅದರಲ್ಲೇ ತೀರಿಕೊಂಡರು.

ಬಂದವರೆಲ್ಲ ನನ್ನನ್ನು ಒಳಕೋಣೆಯಲ್ಲಿ ಕೂರಿಸಿ, ಹೊರಗೆ ಬರಬೇಡ ಎಂದರು. ಕೆಲವು ದಿನ ಕೂತೆ. ಆಮೇಲೆ ಒಂದು ಬೆಳಗ್ಗೆ ತಂಬಿಗೆ ಹಿಡಿದು ಮಾಳಿಗೆ ಹತ್ತಿದೆ. ಹಲಗೆಯ ಕೆಳಗಿನದು ಒಣಗಿ ಮಂಕಾಗಿತ್ತು, ನೀರು ಬಿದ್ದೊಡನೆ ಹಸಿರಾಯಿತು.

ಬಿಸಿಲು ಏರಿದ ಮೇಲೆ ಹಲಗೆಯನ್ನು ಸರಿಸಲು ತೊಡಗಿದೆ. ದಿನಕ್ಕೆ ಒಂದು ಬೆರಳಿನಷ್ಟು, ಅದಕ್ಕಿಂತ ಹೆಚ್ಚಿಲ್ಲ. ಅಷ್ಟರಲ್ಲಿ ಸವಳು ಮಣ್ಣಿನ ಚಕ್ಕಡಿ ಬಂದು ಅಂಗಳದಲ್ಲಿ ಗುಡ್ಡೆ ಬಿತ್ತು. ಮರುದಿನವೇ ಮಾಳಿಗೆ ಕೆರೆಸುವುದಾಗಿ ಅತ್ತೆ ಹೇಳಿದರು. ಆ ಮೂಲೆಯೊಂದನ್ನು ಬಿಡಿ ಎಂದು ಕೇಳಿಕೊಂಡೆ.

“ಮಳಿ ಬಂದ್ರ ನಿನ್ನ ಪಾಚಿ ಮನಿ ಕಾಯ್ತೈತೇನವಾ?”

“ಅವರು ಅರ್ಧಕ್ಕ ಬಿಟ್ಟು ಹೋಗ್ಯಾರ್ರಿ ಅತ್ತಿ. ನಾ ಮುಗಸ್ತೇನಿ.”

ಮರುದಿನ ಅತ್ತೆ ಆ ಮೂಲೆ ಬಿಟ್ಟು ಮಾಳಿಗೆ ಕೆರೆಸಿದರು. ಉಳಿದ ಕಡೆ ಮಣ್ಣು ಹಾಕಿಸಿ, ಮೂಲೆಗೆ ಬೇಕಾದಷ್ಟನ್ನು ಗುಡ್ಡೆಯಲ್ಲೇ ಬಿಡಿಸಿದರು.

ಹಲಗೆಯಿಂದ ಹೊರಬಿದ್ದ ಅಂಚು ಮೊದಲು ಮಾಸಿದ ಹಸಿರಾಯಿತು, ಬರಬರುತ್ತ ಕಂದಾಯಿತು. ಒಂದು ಮಧ್ಯಾಹ್ನ ಹಾನಗಲ್ಲಿನ ಕಡೆ ಗುಡುಗಿತು. ಇನ್ನೂ ಅಂಗೈ ಅಗಲದಷ್ಟು ನೆರಳಿನಲ್ಲಿತ್ತು. ಒಮ್ಮೆಲೇ ಎಳೆದುಬಿಡಲೇ ಎಂದು ಹಲಗೆಗೆ ಕೈ ಹಾಕಿದೆ. ಎಳೆಯಲಿಲ್ಲ. ಮಳೆ ಆ ಕಡೆಯೇ ಸುರಿದು ಹೋಯಿತು.

ಹಲಗೆ ಪೂರ್ತಿ ಈಚೆ ಬಂದ ಬೆಳಗ್ಗೆ ಅತ್ತೆಯೇ ಮೊಣಕಾಲು ಹಿಡಿದುಕೊಂಡು ಏಣಿ ಹತ್ತಿ ಬಂದರು. ಬಗ್ಗಿ ಆ ಕಂದು ಪದರಿನ ಮೇಲೆ ಬೆರಳಾಡಿಸಿದರು. ಕೆಲಸ ಮುಗಿಯಿತು, ಇನ್ನು ಮಣ್ಣು ಹಾಕಿಸಿ ಎಂದೆ.

“ನಾಳೆ ಹಾಕೂಣು,” ಎಂದರು. “ಇವತ್ತೊಂದು ಹಗಲು ಬಿಸಲಾಗ ಇರಲಿ. ನೋಡೂಣು.”

ಆ ಹಗಲೆಲ್ಲ ಇಬ್ಬರೂ ಸರದಿಯ ಮೇಲೆ ಹತ್ತಿ ನೋಡಿದೆವು. ಬಿಳುಪಾಗಲಿಲ್ಲ. ಮರುದಿನ ಮೊದಲ ಬುಟ್ಟಿ ಮಣ್ಣನ್ನು ನಾನೇ ಹೊತ್ತು ತಂದು ಅದರ ಮೇಲೆ ಸುರಿದೆ.