ಬಡ್ತಿ, ಹಿಂಬಡ್ತಿ ಮತ್ತು ಗದಿಗೆಪ್ಪನ ಐಸು

ಬೆಳಗಿನ ಐದು ಗಂಟೆ. ಅಮೆರಿಕದ ಡೆಟ್ರಾಯಿಟ್ ಪಕ್ಕದ ವಾರೆನ್ ಪಟ್ಟಣದ ಮೇಲೆ 1978ರ ಫೆಬ್ರವರಿಯ ಕತ್ತಲೆ ಇನ್ನೂ ಕವುಚಿಕೊಂಡೇ ಇದೆ. ಐಸ್ ಹಾಕಿ ಆಡುವ ಅರೀನಾದ ಒಳಗೆ ದೀಪಗಳು ಒಂದೊಂದಾಗಿ ಕಣ್ಣು ಬಿಡುತ್ತಿವೆ. ಉಣ್ಣೆಯ ಟೋಪಿ, ಅದರ ಮೇಲೊಂದು ಮಫ್ಲರು ಸುತ್ತಿಕೊಂಡ ಗದಿಗೆಪ್ಪ ಮೊಣಕಾಲೂರಿ ಕೂತು ಐಸಿನ ನೆಲಕ್ಕೆ ಬರಿಗೈ ಒತ್ತುತ್ತಾರೆ, ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ. ಗೋಡೆಯ ಮೇಲೆ ಥರ್ಮಾಮೀಟರಿದೆ. ಅದನ್ನೂ ನೋಡುತ್ತಾರೆ, ಆದರೆ ಆಮೇಲೆ.

"ಇವತ್ತ ಸ್ವಲ್ಪ ಬಿರುಸೈತಿ," ಅನ್ನುತ್ತಾರೆ. "ಬಿರುಸಾದ್ರ ಸೀಳತೈತಿ, ಮೆತ್ತಗಾದ್ರ ಆಡೋರ ಕಾಲು ಹಿಡೀತೈತಿ. ರೊಟ್ಟಿ ಹಿಟ್ಟಿದ್ದಂಗ ನೋಡ್ರಿ. ಅದಕ್ಕೂ ಕುದಿನೀರು ಬೇಕು, ಇದಕ್ಕೂ ಬಿಸಿನೀರು ಬೇಕು."

ಆಮೇಲೆ ಟ್ರ್ಯಾಕ್ಟರಿನಂಥ ಯಂತ್ರವನ್ನು ಹತ್ತಿ ಕೂರುತ್ತಾರೆ. ಅದು ಮುಂದೆ ಐಸಿನ ಮೇಲ್ಪದರವನ್ನು ಹೆರೆಯುತ್ತಾ, ಹಿಂದೆ ಬಿಸಿನೀರಿನ ತೆಳು ಪೊರೆ ಬಳಿಯುತ್ತಾ ಸಾಗುತ್ತದೆ. ಅದು ಹಾದುಹೋದ ದಾರಿಯಲ್ಲಿ ಹಬೆ ಏಳುತ್ತದೆ, ಹಬೆ ಕರಗಿದ ಜಾಗದಲ್ಲಿ ಕನ್ನಡಿ ಮೂಡುತ್ತದೆ. ದಿನಕ್ಕೆ ಏಳೆಂಟು ಸಲ ಇದೇ ಪ್ರದಕ್ಷಿಣೆ. ಆರು ಗಂಟೆಗೆ ಸ್ಕೇಟಿಂಗ್ ಕಲಿಯುವ ಹುಡುಗಿಯರು ಬರುತ್ತಾರೆ. ಅವರ ಕಣ್ಣು ಐಸಿನ ಮೇಲೆ. ಅದನ್ನು ಹಾಸಿದವರ ಮೇಲೆ ಅಲ್ಲ.

ಗದಿಗೆಪ್ಪನವರ ತಂದೆ ಹುಬ್ಬಳ್ಳಿಯ ಐಸಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು. ಮಗ ಇಂಜಿನಿಯರಿಂಗ್ ಓದಿ ಅರವತ್ತೇಳರಲ್ಲಿ ಡೆಟ್ರಾಯಿಟ್‌ಗೆ ಬಂದ. ಇನ್ನೂ ಓದಿ, ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಡಿಸೈನ್ ಕೆಲಸ ಹಿಡಿದ. ಮೂರು ವರ್ಷಕ್ಕೆ ಮಾರುಕಟ್ಟೆ ಕುಸಿದಾಗ ಕಂಪನಿ ಹೊಸಬರನ್ನೆಲ್ಲ ಮನೆಗೆ ಕಳಿಸಿತು. ಒಂದು ಚಳಿಗಾಲ ತಳ್ಳಿದರಾಯಿತೆಂದು ಅರೀನಾದ ಯಂತ್ರದ ಕೋಣೆಗೆ ಕಾಲಿಟ್ಟಾಗ ಐಸು ಹೆಪ್ಪುಗಟ್ಟಿಸುವ ಅಮೋನಿಯಾದ ವಾಸನೆ ಮೂಗಿಗೆ ಅಡರಿತು. "ಅಪ್ಪನ ಅಂಗೀ ವಾಸನೀ ಬಂದಂಗಾತ್ರಿ," ಅನ್ನುತ್ತಾರೆ.

ಕಂಪನಿ ಮತ್ತೆ ಕರೆದಾಗ ಅವರು ಹೋಗಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಡತಿ ಪ್ರಭಾ ಎರಡು ದಿನ ಮಾತು ಬಿಟ್ಟಿದ್ದರು. ಡೆಟ್ರಾಯಿಟ್ ಕನ್ನಡಿಗರು ಯುಗಾದಿ ಊಟಕ್ಕೆ ಸೇರಿದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಇನ್ನೂ ಅಲ್ಲೇ ಇದೀರಾ? ಬೇರೆ ಕಡೆ ಅಪ್ಲೈ ಮಾಡಿಲ್ವಾ?" ಗದಿಗೆಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾರೆ.

ಭಾನುವಾರ ಬಂತೆಂದರೆ ಮಾತ್ರ ಅವರ ಮುಖವೇ ಬೇರೆ. ಸುತ್ತಲಿನ ಕಾರ್ಖಾನೆಗಳಲ್ಲಿ ದುಡಿಯುವ ಜೆಕ್, ಸ್ವೀಡಿಷ್, ಫಿನ್ನಿಷ್ ಕೆಲಸಗಾರರು ಅವತ್ತು ಐಸ್ ಹಾಕಿ ಆಡುತ್ತಾರೆ. ಈ ಆಟಕ್ಕೆ ಮುಂದಾಳು ಬೊಹುಮಿಲ್ ಎಂಬ ಜೆಕೊಸ್ಲೊವಾಕಿಯಾ ದೇಶದವರು. ಅರವತ್ತೆಂಟರಲ್ಲಿ ರಷ್ಯಾದ ಟ್ಯಾಂಕುಗಳು ನುಗ್ಗಿದಾಗ ಊರು ಬಿಟ್ಟು ಬಂದ ಟೂಲ್‌ಮೇಕರ್, 'ಲಿಂಡನ್' ತಂಡದ ಗೋಲ್‌ಕೀಪರ್. ಅಮೆರಿಕದ ದೊಡ್ಡ ಲೀಗಿನಲ್ಲಿ ಕಡೆಯ ಸ್ಥಾನಕ್ಕೆ ಬಿದ್ದ ತಂಡಕ್ಕೆ ಏನೂ ಆಗುವುದಿಲ್ಲ. ಮುಂದಿನ ವರ್ಷವೂ ಅಲ್ಲೇ ಆಡುತ್ತದೆ. ಬೊಹುಮಿಲ್‌ಗೆ ಅದು ಆಟವೇ ಅಲ್ಲ. ಅವರ ಕಡೆ ಕಡೆಯ ತಂಡ ಕೆಳಗಿನ ಲೀಗಿಗೆ ಇಳಿಯಬೇಕು, ಅಲ್ಲಿ ಗೆದ್ದದ್ದು ಮೇಲೆ ಹತ್ತಬೇಕು. ವಾರೆನ್‌ನಲ್ಲೂ ಹಾಗೇ ಎರಡು ಲೀಗು ಕಟ್ಟಿದರು. ನಮ್ಮ ಕಚೇರಿಗಳ ಬಡ್ತಿ, ಹಿಂಬಡ್ತಿ ಇದ್ದಂತೆಯೇ, ಆದರೆ ಇಲ್ಲಿ ವಶೀಲಿ ನಡೆಯುವುದಿಲ್ಲ.

ಎಪ್ಪತ್ತಾರರ ಮಾರ್ಚಿನಲ್ಲಿ ಲಿಂಡನ್ ತಂಡವೇ ತಳ ಕಂಡಿತು. ಕಡೆಯ ಭಾನುವಾರದ ಪಂದ್ಯ ಸೋತರೆ ಇಳಿಯಬೇಕು. ಅದೇ ಬೆಳಿಗ್ಗೆ ಹೊರಗೆ ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್, ಆ ಊರಿನ ಮಾರ್ಚಿಗೆ ಅಪರೂಪದ ಬಿಸಿಲು ಕಾಯಿತು. ಒಳಗೆ ನೆಲದಡಿಯ ಕೊಳವೆಗಳಿಗೆ ತಣ್ಣನೆಯ ಉಪ್ಪುನೀರು ತಳ್ಳುವ ಪಂಪು ಸೋರತೊಡಗಿತು. ಐಸು ಬೆವರತೊಡಗಿತು. ಸೋರಿಕೆ ತಡೆಯುವ ಹೊಸ ಸೀಲು ಚಿಕಾಗೋದಿಂದ ಬರಬೇಕು, ಅದೂ ಸೋಮವಾರ. ಸೋಮವಾರದಿಂದ ಅರೀನಾ ದೋಣಿಗಳ ಪ್ರದರ್ಶನಕ್ಕೆ ಬಾಡಿಗೆ ಹೋಗಿತ್ತು. ಕಡೆಯ ಪಂದ್ಯ ನಡೆಯದಿದ್ದರೆ ಆ ವರ್ಷ ಯಾರೂ ಇಳಿಯುವಂತಿಲ್ಲ ಎಂಬ ನಿಯಮವನ್ನು ಬೊಹುಮಿಲ್ ಅವರೇ ಮಾಡಿದ್ದರು.

ಗದಿಗೆಪ್ಪ ಅನ್ನಲು ನಾಲಿಗೆ ಹೊರಳದ ಲಿಂಡನ್‌ನ ಇಬ್ಬರು ಆಟಗಾರರು ಯಂತ್ರದ ಕೋಣೆಗೆ ಬಂದರು. "ಗ್ಯಾಡಿ, ಹಳೇ ಪಂಪು. ಯಾರೂ ನಿನ್ನನ್ನ ಬೈಯೋದಿಲ್ಲ. ಮನೆಗೆ ಹೋಗಿ ಮಲಗು," ಅಂದರು. ಅವರ ಹಿಂದೆ ಬಾಗಿಲಲ್ಲಿ ಬೊಹುಮಿಲ್ ನಿಂತಿದ್ದರು. ಎಲ್ಲ ಕೇಳಿಸಿಕೊಂಡು, ಅವರನ್ನು ತಡೆಯದೆ ಹೊರಟುಹೋದರು.

"ಅವನ ಮಾರಿ ನೋಡಿದ್ನಿ. ಮ್ಯಾಚ್ ನಿಲ್ಲಲಿ ಅಂತ ಅವಂಗೂ ಆಸೆ ಇತ್ರಿ," ಅನ್ನುತ್ತಾರೆ ಗದಿಗೆಪ್ಪ. "ಇರಬಾರದಾ? ನನಗೂ ಇತ್ತು. ಈ ಊರಾಗ ನನ್ನ ಜೋಡಿ ಕೂತು ಊಟ ಮಾಡಾಂವ ಅವನೊಬ್ಬನ."

ಸೋರುತ್ತಿದ್ದ ಪಂಪನ್ನು ಒಮ್ಮೆ ಮುಟ್ಟಿ ನೋಡಿದರು. ಆಮೇಲೆ ಪ್ರಭಾಗೆ ಫೋನ್ ಮಾಡಿ, ಬಟ್ಟೆ ಒಣಹಾಕುವ ಹತ್ತಿ ಹಗ್ಗವನ್ನು ಬಿಚ್ಚಿ ತರಲು ಹೇಳಿದರು. ಸೀಲು ಸಿಗದಿದ್ದಾಗ ಅಪ್ಪ ಹುಬ್ಬಳ್ಳಿಯಲ್ಲಿ ಹತ್ತಿ ಹುರಿಗೆ ಗ್ರೀಸು ಮೆತ್ತಿ ಪಂಪಿನ ಕುತ್ತಿಗೆಗೆ ಸುತ್ತುತ್ತಿದ್ದದ್ದು ನೆನಪಿತ್ತು.

ಪ್ರಭಾ ಡ್ರೈವ್ ಮಾಡಿಕೊಂಡು ಬಂದು ಹಗ್ಗ ಕೊಟ್ಟರು. ಸಂಗತಿ ತಿಳಿದು ದಂಗಾದರು. "ಅಲ್ರೀ, ನೀವು ಇದನ್ನ ರಿಪೇರಿ ಮಾಡಿದ್ರ ನಿಮ್ಮವರ ಸೋಲ್ತಾರಲ್ಲ?"

"ಸೋತ್ರ ಸೋಲ್ಲಿ. ಆಡಿ ಸೋಲ್ಲಿ."

ಪ್ರಭಾ ಸೆರಗು ಸಿಕ್ಕಿಸಿ, ಹುರಿಯ ಇನ್ನೊಂದು ತುದಿ ಹಿಡಿದು ಕೂತರು. ಗ್ರೀಸಿನ ಕೈಯಲ್ಲಿ ಗಂಡ ಹೆಂಡತಿ ಹೊಸೆದು, ಸುತ್ತಿ, ಬಿಗಿದರು. ಸೋರುವುದು ನಿಂತಿತು. ಮಧ್ಯಾಹ್ನದ ಹೊತ್ತಿಗೆ ಐಸು ಗಟ್ಟಿಯಾಯಿತು.

ಪಂದ್ಯ ನಡೆಯಿತು. ಎರಡು-ಎರಡು ಸಮವಾಗಿದ್ದಾಗ, ಕಡೆಯ ಗಳಿಗೆಯಲ್ಲಿ ಚೆಂಡಿನ ಬದಲಿಗೆ ಆಡುವ ಆ ಕಪ್ಪು ಬಿಲ್ಲೆ ಬೊಹುಮಿಲ್ ಕಾಲಡಿಯಿಂದ ಜಾರಿ ಗೋಲಿನೊಳಗೆ ಹೋಯಿತು. ಲಿಂಡನ್ ಇಳಿಯಿತು. ಗೋಲ್‌ಕೀಪರ್ ಮುಖಕವಚ ತೆಗೆಯದೇ ಹೊರಗೆ ನಡೆದರು. ಇಡೀ ಬೇಸಿಗೆ ಗದಿಗೆಪ್ಪನ ಮನೆಯ ಕಡೆ ತಲೆ ಹಾಕಲಿಲ್ಲ.

ಅಕ್ಟೋಬರ್‌ನಲ್ಲಿ ಕೆಳಗಿನ ಲೀಗಿನ ಮೊದಲ ಪಂದ್ಯ ಬಂತು. ಇಳಿದವರಿಗೆ ಒಳ್ಳೆಯ ಹೊತ್ತು ಸಿಗುವುದಿಲ್ಲ. ಕೋಳಿ ಕೂಗುವ ಹೊತ್ತಿಗೇ ಆಡಬೇಕು. ಎಲ್ಲರಿಗಿಂತ ಮುಂಚೆ ಬೊಹುಮಿಲ್ ಬಂದು ಯಂತ್ರದ ಕೋಣೆಯಲ್ಲಿ ಡಬ್ಬದ ಮೇಲೆ ಕೂತರು.

"ಅವತ್ತು ನೀನು ಮನೆಗೆ ಹೋಗಿ ಮಲಗಿದ್ದಿದ್ದರೆ ನಾನು ಬೇಸಿಗೆಯೆಲ್ಲ ನಿನ್ನ ಮನೆಗೆ ಊಟಕ್ಕೆ ಬರುತ್ತಿದ್ದೆ," ಅಂದರು. "ಆದರೆ ನಿನ್ನನ್ನ ನಂಬುತ್ತಿರಲಿಲ್ಲ. ನನ್ನನ್ನೂ."

ಗದಿಗೆಪ್ಪ ಬುತ್ತಿ ಬಿಚ್ಚಿದರು. ರೊಟ್ಟಿ, ಶೇಂಗಾ ಚಟ್ನಿ. ಇಬ್ಬರೂ ಹಂಚಿಕೊಂಡು ತಿಂದರು. ಲಿಂಡನ್ ಅವತ್ತು ಗೆದ್ದಿತು. ಕಳೆದ ವಸಂತದಲ್ಲಿ ಮತ್ತೆ ಮೇಲಿನ ಲೀಗಿಗೆ ಹತ್ತಿತು. ಈ ವರ್ಷ ನಡುಮಧ್ಯದಲ್ಲಿ, ಹತ್ತುವ ಇಳಿಯುವ ಗೋಜಿಲ್ಲದೆ ಆಡುತ್ತಿದೆ. ಯುಗಾದಿ ಊಟದಲ್ಲಿ ಈಗ ಯಾರಾದರೂ ಆ ಪ್ರಶ್ನೆ ಎತ್ತಿದರೆ ಪ್ರಭಾ ಅವರೇ ಉತ್ತರ ಕೊಡುತ್ತಾರೆ: "ಹೌದ್ರಿ, ಅಲ್ಲೇ ಅದಾರ. ಭಾನುವಾರ ಬರ್ರಿ, ತೋರಸ್ತೀನಿ." ಇಬ್ಬರು ಮೂವರು ಬಂದೂ ಇದ್ದಾರೆ.

ಹುಡುಗಿಯರ ಪಾಠ ಮುಗಿದಿದೆ. ಐಸಿನ ತುಂಬ ಗೀರುಗಳು. ಮತ್ತೆ ಯಂತ್ರ ಹತ್ತುವ ಮೊದಲು ಚಹಾ ಕುಡಿಯುತ್ತಿರುವ ಗದಿಗೆಪ್ಪನವರನ್ನು, ಮನಸ್ಸಿನಲ್ಲಿ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಸ್ವಲ್ಪ ಹೊತ್ತು ನಗುತ್ತಾರೆ.

"ಬೊಹುಮಿಲ್‌ನ ಊರಿನ ಟೀಮ್ ಹೋದ ವರ್ಷ ಕೆಳಗ ಇಳೀತಂತ್ರಿ. ಅವಂಗ ಅಲ್ಲಿ ಹೋಗಾಕ ಬರಂಗಿಲ್ಲ, ಸರ್ಕಾರದವ್ರು ಹಿಡೀತಾರ. ನಾ ಹೋಗಬಹುದು. ಒಂದ್ ಮ್ಯಾಚ್ ನೋಡಿ, ಐಸು ಹೆಂಗ ಹಾಸ್ಯಾರ ಅಂತ ಮುಟ್ಟಿ ನೋಡಿ, ಬಂದು ಅವಂಗ ಹೇಳ್ತೀನಿ. ಗೆದ್ದವರ ಮ್ಯಾಚಿಗೆ ಮಂದಿ ಭಾಳ ಇರ್ತಾರ. ಇಳಿದವರಿಗೆ ಒಬ್ಬರಾರ ಚಪ್ಪಾಳಿ ಹೊಡಿಯಾಕ ಬೇಕಲ್ರಿ."