ಬೆರಳು ತಾಕಿದರೆ ಸರಿಯುವ ಹಾಳೆ

ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಇದೆಲ್ಲ ನಡೆದದ್ದು ಸಂಕ್ರಾಂತಿಗೆ ಮುಂಚೆಯೋ ಆಮೇಲೋ ಎನ್ನುವುದೇ ನನಗೆ ಗಟ್ಟಿಯಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದ ನೆನಪಿದೆ, ಹಾಗಾಗಿ ಹಬ್ಬದ ಆಸುಪಾಸು ಇರಬೇಕು. ಆದರೆ ದೊಡ್ಡವ್ವನ ಮನೆಯಲ್ಲಿ ಆ ರೊಟ್ಟಿ ಹಬ್ಬ ಮುಗಿದು ಎಷ್ಟೋ ದಿನದವರೆಗೆ ಡಬ್ಬಿಯಲ್ಲಿರುತ್ತದೆ, ಅದನ್ನು ನಂಬುವ ಹಾಗಿಲ್ಲ. ದಿನಚರಿ ಬರೆಯುವ ಅಭ್ಯಾಸ ನನಗಿದೆ. ಆ ವಾರದ ಪುಟಗಳನ್ನು ತೆರೆದರೆ ಬರೀ ಪುಸ್ತಕ ಓದುವ ಯಂತ್ರಗಳ ತೂಕ, ಬೆಳಕು, ಬ್ಯಾಟರಿಯ ವಿಚಾರ ಸಿಗುತ್ತದೆ. ಮನುಷ್ಯರು ಯಾರೂ ಇಲ್ಲ.

ನಾನಿರುವುದು ಸಿಂಧನೂರಿನಲ್ಲಿ, ಪಾಠ ಹೇಳುವುದು ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ. ನಡುವೆ ಮಸ್ಕಿ ಬರುತ್ತದೆ. ಅಲ್ಲಿ ನನ್ನ ಅವ್ವನ ಅಕ್ಕ, ದೊಡ್ಡವ್ವ, ಮಗ ಸೊಸೆಯ ಜೊತೆ ಇದ್ದಾಳೆ. ಶನಿವಾರ ಕಾಲೇಜು ಅರ್ಧ ದಿನ. ಬರುವಾಗ ಮಸ್ಕಿಯಲ್ಲಿಳಿದು, ಅವಳ ಮನೆಯಲ್ಲಿ ಉಂಡು, ಸಂಜೆಯ ಬಸ್ಸಿಗೆ ಸಿಂಧನೂರಿಗೆ ಹೋಗುವುದು ನನ್ನ ರೂಢಿ.

ಮಧ್ಯಾಹ್ನ ಉಂಡಾದ ಮೇಲೆ ಓಣಿಯ ಹೆಂಗಸರು ದೊಡ್ಡವ್ವನ ಪಡಸಾಲೆಗೆ ಬರುತ್ತಾರೆ. ಅರಳೆ ತಂದು ಹೂಬತ್ತಿ ಹೊಸೆಯುತ್ತ ಕೂಡುತ್ತಾರೆ. ದೊಡ್ಡವ್ವ ಗೋಡೆಗೊರಗಿ ಶರಣರ ಕತೆಗಳ ಹಳೆಯ ಪುಸ್ತಕವೊಂದನ್ನು ಓದಿ ಹೇಳುತ್ತಾಳೆ. ಮುಗಿದರೆ ಮತ್ತೆ ಮೊದಲಿನಿಂದ. ನಾನು ಲಂಗ ತೊಡುತ್ತಿದ್ದ ಕಾಲದಿಂದಲೂ ಇದು ನಡೆದಿದೆ. ಗೋಡೆಯ ಆ ಜಾಗಕ್ಕೆ ಬೇರೆ ಯಾರೂ ಒರಗುವುದಿಲ್ಲ.

ಸಕ್ಕರೆ ಕಾಯಿಲೆ ಅವಳ ಕಣ್ಣಿಗಿಳಿದಿತ್ತು. ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು, ಇನ್ನೊಂದಕ್ಕೆ ಮಾಡಿ ಹೆಚ್ಚು ಉಪಯೋಗವಿಲ್ಲ ಎಂದರು. ಪುಸ್ತಕದ ಅಕ್ಷರ ಬಹಳ ಸಣ್ಣದು, ಹಾಳೆ ಕಂದಿದ್ದು. ಆ ಚಳಿಗಾಲದಲ್ಲಿ ಅವಳು ನಡುನಡುವೆ ನಿಲ್ಲತೊಡಗಿದಳು ಎಂದು ಸೊಸೆ ಹೇಳಿದಳು. ಒಂದು ಶನಿವಾರ ನನ್ನೆದುರಿಗೇ ಒಬ್ಬಾಕೆ ಬತ್ತಿ ಹೊಸೆಯುತ್ತಲೇ ಅಂದಳು: “ಎದುರುಮನಿ ಸೊಸಿ ಬಿ.ಎ. ಓದ್ಯಾಳಂತ. ಆಕೀನ ಕರ್ಯೂನೇನಕ್ಕಾ? ನಿನಗೂ ದಣಿವಾಗಂಗಿಲ್ಲ.”

“ಕರೀರಿ, ಯಾರ್ ಬ್ಯಾಡಂದಾರ?” ಎಂದಳು ದೊಡ್ಡವ್ವ. “ಆಕಿ ಬಸ್ಸಿನ್ಯಾಗ ಬೋರ್ಡ್ ಓದಿದಂಗ ಓದತಾಳ. ಕೇಳಿಕೋತ ಕುಂದರ್ರಿ.”

ಎಲ್ಲರೂ ನಕ್ಕರು. ದೊಡ್ಡವ್ವ ನಗಲಿಲ್ಲ. ಅಥವಾ ನಕ್ಕಳೇನೋ, ನಾನು ಅವಳ ಕೈಯನ್ನು ನೋಡುತ್ತಿದ್ದೆ. ಆ ಕೈ ಪುಸ್ತಕವನ್ನು ತೊಡೆಯ ಮೇಲೆ ಒತ್ತಿ ಹಿಡಿದಿತ್ತು.

ಬಸ್ಸಿನಲ್ಲಿ ಓದಲು ಒಂದು ಇ-ರೀಡರ್, ಪುಸ್ತಕ ಓದಲೆಂದೇ ಮಾಡಿದ ಸಣ್ಣ ಯಂತ್ರ, ಕೊಳ್ಳಬೇಕೆಂದು ನಾನು ಅದಕ್ಕೆ ಮುಂಚಿನಿಂದಲೇ ಸ್ವಲ್ಪ ಹಣ ತೆಗೆದಿಟ್ಟಿದ್ದೆ. ಅದರಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ಒಂದನ್ನು ಕೊಂಡು ವಾರವೆಲ್ಲ ದೊಡ್ಡವ್ವನ ಹತ್ತಿರ ಬಿಟ್ಟರೆ ಹೇಗೆ ಎಂದು ಆ ಸಂಜೆಯೇ ಯೋಚಿಸಿದೆ. ಎರಡು ಕೊಳ್ಳುವ ಶಕ್ತಿ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಹಗುರವಾದದ್ದು, ಅವಳಿಗೆ ಬೇಕಾಗಿದ್ದದ್ದು ದೊಡ್ಡ ಪರದೆಯದ್ದು, ನನ್ನ ಕೈಗೆ ಎಟುಕುವಂತಿದ್ದದ್ದು ಇವೆರಡೂ ಅಲ್ಲದ್ದು.

ಸಿಂಧನೂರಿನ ಒಂದು ದೊಡ್ಡ ಮೊಬೈಲ್ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವನಿಗೆ ನನ್ನ ಮೇಲೆ ಕನಿಕರ ಬಂತು.

“ಮೇಡಮ್ಮರ, ಅದರಾಗ ಹಾಡು ಬರಂಗಿಲ್ಲ, ವಿಡಿಯೋ ಬರಂಗಿಲ್ಲ, ಫೋನ್ ಹಚ್ಚಾಕ ಬರಂಗಿಲ್ಲ. ಬರೇ ಓದಾಕ ಅಷ್ಟು ರೊಕ್ಕ ಯಾಕ್ರೀ? ಟ್ಯಾಬ್ ತೊಗೋರಿ, ಮನಿಮಂದಿಯೆಲ್ಲ ನೋಡ್ತಾರ.”

“ಮನಿಮಂದಿಯೆಲ್ಲ ನೋಡಬಾರದಂತ್ಲೇ ಕೇಳಾಕತ್ತೀನ್ರೀ,” ಅಂದೆ.

ಟ್ಯಾಬನ್ನೂ ನೋಡದೆ ಬಿಡಲಿಲ್ಲ. ಪರದೆ ದೊಡ್ಡದು, ಕನ್ನಡ ಚೆನ್ನಾಗಿ ಕಾಣುತ್ತಿತ್ತು. ಆದರೆ ಅದರ ಬೆಳಕು ನೇರ ಕಣ್ಣಿಗೆ ಹೊಡೆಯುತ್ತದೆ. ಫೋನಿನ ಪರದೆಯನ್ನು ನೋಡಿದರೆ ದೊಡ್ಡವ್ವನ ಕಣ್ಣಲ್ಲಿ ನೀರು ಬರುತ್ತಿತ್ತು. ಇ-ರೀಡರಿನ ಪರದೆ ಅಚ್ಚಿನ ಕಾಗದದ ಹಾಗಿರುತ್ತದೆ, ಬಿಸಿಲಲ್ಲೂ ಓದಬಹುದು.

ನಮ್ಮ ಕಾಲೇಜಿನಲ್ಲಿ ಉರ್ದು ಕಲಿಸುವ ಸಹೋದ್ಯೋಗಿಯ ಹತ್ತಿರ ಒಂದು ಇತ್ತು. ಆಕೆ ಅದನ್ನು ಕೊಟ್ಟು, “ಒಂದು ವಾರ ಇಟ್ಕೊಂಡ್ ನೋಡ್ರಿ. ಜಾಹೀರಾತು ಓದಿ ತೊಗೊಂಡ್ರ ಫಜೀತಿ ಆಗ್ತೈತಿ,” ಎಂದಳು. ಅವಳು ಹೇಳಿದ್ದು ಸರಿಯಿತ್ತು. ಪುಸ್ತಕದ ಹಾಳೆಗಳನ್ನು ಫೋಟೋ ಹಿಡಿದಂಥ ಕಡತ ಹಾಕಿದರೆ ಅಕ್ಷರ ದೊಡ್ಡದಾಗುವುದಿಲ್ಲ, ಹಾಳೆಯೇ ದೊಡ್ಡದಾಗಿ ಅರ್ಧ ಸಾಲು ಪರದೆಯ ಹೊರಗೆ ಹೋಗುತ್ತದೆ. ಅಕ್ಷರ ಅಕ್ಷರವಾಗಿ ಟೈಪು ಮಾಡಿದ ಕಡತವೇ ಬೇಕು. ದೊಡ್ಡವ್ವನ ಪುಸ್ತಕ ಬಹಳ ಹಳೆಯದಾದ್ದರಿಂದ ಅಂಥದ್ದು ಇಂಟರ್ನೆಟ್ಟಿನಲ್ಲಿ ಉಚಿತವಾಗಿಯೇ ಸಿಕ್ಕಿತು.

ಆ ಶನಿವಾರ ಸಹೋದ್ಯೋಗಿಯ ಯಂತ್ರವನ್ನು ಮಸ್ಕಿಗೆ ಒಯ್ದೆ. ಅದೂ ಸಣ್ಣ ಪರದೆಯದೇ. ಕತೆಯ ಮೊದಲ ಹಾಳೆ ತೆರೆದು, ಅಕ್ಷರ ಒಂದೊಂದು ಮೆಟ್ಟಿಲು ಹಿಗ್ಗಿಸುತ್ತ ಹೋದೆ.

“ಇಷ್ಟು ಸಾಕಾ ದೊಡ್ಡವ್ವಾ, ಇನ್ನ ದೊಡ್ಡದು ಮಾಡ್ಲ್ಯಾ?”

“ಸಾಕು ಬಿಡಬೇ. ಕುಂಬಳಕಾಯಿ ಮಾಡ್ತೀಯೇನ್ ಅಕ್ಷರಾನ?”

ಮೊದಲ ನಾಲ್ಕಾರು ಸಾಲುಗಳನ್ನು ತಡವರಿಸದೆ ಓದಿದಳು. ನನಗೆ ಖುಷಿಯಾಯಿತು. ಬೇರೆ ಹಾಳೆ ತೆಗೆದು ಓದಿಸಬೇಕೆಂದು ಹೊಳೆಯಲೇ ಇಲ್ಲ. ಹಾಗಾದರೆ ಸಣ್ಣ ಪರದೆಯೇ ಸಾಕೆಂದು ತೀರ್ಮಾನಿಸಿದೆ. ಹಾಳೆ ಮಗುಚಲು ಪಕ್ಕದಲ್ಲಿ ಗುಂಡಿ ಇರುವಂಥವು ತುಟ್ಟಿ, ಹಾಗಾಗಿ ಪರದೆಗೆ ಬೆರಳು ತಾಕಿಸಿದರೆ ಹಾಳೆ ಸರಿಯುವಂಥದ್ದನ್ನು ತರಿಸಿದೆ. ಹೊದಿಕೆಯನ್ನೂ ಕೊಳ್ಳಲಿಲ್ಲ. ದೊಡ್ಡವ್ವ ಪುಸ್ತಕವನ್ನು ಸುತ್ತಿಡುವ ಕೆಂಪು ವಸ್ತ್ರ ಇದ್ದೇ ಇತ್ತಲ್ಲ.

ಹೊಸದನ್ನು ಒಯ್ದ ಶನಿವಾರ ಪಡಸಾಲೆ ತುಂಬಿತ್ತು. ಎದುರುಮನೆಯ ಸೊಸೆಯೂ ಬಂದಿದ್ದಳು. ಹಿಂದಿನ ದಿನ ಎಲ್ಲಿಗೆ ನಿಲ್ಲಿಸಿದ್ದಳೆಂದು ದೊಡ್ಡವ್ವನನ್ನೇ ಕೇಳಿ, ಆ ಹಾಳೆ ತೆರೆದುಕೊಟ್ಟೆ. ಶರಣನೊಬ್ಬ ಹೊಳೆಯ ದಡದಲ್ಲಿ ಅಂಬಿಗನಿಗಾಗಿ ಕಾಯುತ್ತಿರುವ ಪ್ರಸಂಗ. ದೊಡ್ಡವ್ವ ಯಂತ್ರದ ಅಂಚಿಗೆ ಒಂದಿಷ್ಟು ವಿಭೂತಿ ಹಚ್ಚಿ ಪಕ್ಕದವಳ ಕೈಗೆ ಕೊಟ್ಟಳು. ಓದುವ ಮೊದಲು ಪುಸ್ತಕ ಎಲ್ಲರ ಕೈ ದಾಟಿ ಬರಬೇಕು. ಒಬ್ಬೊಬ್ಬರೂ ಅದನ್ನು ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಇದು ಆ ಪಡಸಾಲೆಯ ಪದ್ಧತಿ, ನಾನೂ ಚಿಕ್ಕಂದಿನಿಂದ ಮಾಡಿದ್ದೇನೆ.

ಬಟ್ಟೆ ಹೊಲಿಯುವ ಪಕ್ಕದ ಮನೆಯ ಚಾಚಿಯ ಕೈಗೆ ಬಂದಾಗ ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಚಾರ್ಜ್ ಖತಂ ಆದ್ರ ಹೆಂಗಕ್ಕಾ? ಪಾಪ, ನಿಮ್ಮ ಶರಣಪ್ಪ ನಡುನೀರಾಗ ನಿಂತುಬಿಡ್ತಾನೇನು?”

“ನಿಂದ್ರಲಿ ಬಿಡು, ನೀ ಒಂದು ಸೀರಿಗೆ ಫಾಲ್ ಹಚ್ಚೋದ್ರಾಗ ಅಂವ ಮುಳುಗಿ ಎದ್ದಿರ್ತಾನ,” ಎಂದಳು ದೊಡ್ಡವ್ವ. ಚಾಚಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ಯಂತ್ರ ಸುತ್ತು ಮುಗಿಸಿ ದೊಡ್ಡವ್ವನ ಕೈಗೆ ಬಂತು. ಅವಳು ಓದತೊಡಗಿದಳು. ನಾನು ಅವಳ ಭುಜದ ಹಿಂದೆ ಕೂತಿದ್ದೆ. ನಿನ್ನೆ ಬಿಟ್ಟ ಕಡೆಯಿಂದಲೇ ಕತೆ ಎತ್ತಿಕೊಂಡಳು: ಹೊಳೆ, ಸಂಜೆ, ಬಾರದ ಅಂಬಿಗ. ದನಿ ಗಟ್ಟಿಯಾಗಿತ್ತು, ಎಲ್ಲಿಯೂ ನಿಲ್ಲಲಿಲ್ಲ. ಎದುರುಮನೆಯ ಸೊಸೆ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಳು. ನಾನು ಕೊಂಡದ್ದು ಸಾರ್ಥಕವಾಯಿತೆಂದುಕೊಂಡು ಪರದೆಯ ಕಡೆ ನೋಡಿದೆ.

ಅಲ್ಲಿ ಹೊಳೆ ಇರಲಿಲ್ಲ. ಕಣ್ಣಿಗೊತ್ತಿಕೊಳ್ಳಲೆಂದು ಅಷ್ಟೂ ಮಂದಿ ಮುಟ್ಟಿದ್ದು ಪರದೆಯನ್ನೇ. ಒಬ್ಬೊಬ್ಬರು ಮುಟ್ಟಿದಾಗಲೂ ಹಾಳೆ ಮುಂದೆ ಸರಿದಿತ್ತು. ಪರದೆಯಲ್ಲಿ ಶರಣ ಆಗಲೇ ಹೊಳೆ ದಾಟಿ, ಆಚೆ ದಡದ ಊರಿನಲ್ಲಿ ಯಾರದೋ ಮನೆಯಲ್ಲಿ ಉಣ್ಣಲು ಕೂತಿದ್ದ. ದೊಡ್ಡವ್ವನ ಬಾಯಲ್ಲಿ ಅವನಿನ್ನೂ ಈ ದಡದಲ್ಲೇ ಇದ್ದ. ಅವಳು ಆಗೊಮ್ಮೆ ಈಗೊಮ್ಮೆ ಬೆರಳು ತಾಕಿಸಿ ಹಾಳೆ ಸರಿಸುತ್ತಿದ್ದಳು. ಉಸಿರು ತೆಗೆದುಕೊಳ್ಳಲು ಎಲ್ಲಿ ನಿಲ್ಲಬೇಕೋ ಅಲ್ಲಿ ಸರಿಯಾಗಿ ಸರಿಸುತ್ತಿದ್ದಳು.

ನಾನು ಕೈ ಚಾಚಿ ಹಾಳೆ ಹಿಂದಕ್ಕೆ ತರಬಹುದಿತ್ತು, ಆದರೆ ಎದುರುಮನೆಯ ಸೊಸೆ ನಮ್ಮ ಕಡೆಯೇ ನೋಡುತ್ತಿದ್ದಳು. ಕತೆ ಮುಗಿದಾಗ ಅವಳೇ ಮೊದಲು, “ದೊಡ್ಡಮ್ಮಾ, ನೀವೇ ಓದ್ರಿ. ನಾ ಬತ್ತಿ ಹೊಸೀತೀನಿ,” ಎಂದಳು. ದೊಡ್ಡವ್ವ ಯಂತ್ರವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟಳು.

ಸಂಜೆ ಬಸ್ಸಿನಲ್ಲಿ ಅದೇ ಕಡತವನ್ನು ಫೋನಿನಲ್ಲಿ ತೆರೆದು ಹೊಳೆಯ ಪ್ರಸಂಗ ಓದಿದೆ. ದಡದಲ್ಲಿ ಕಾಯುವ ಶರಣನಿಗೆ ಒಬ್ಬ ಕುರಿಗಾಹಿ ಹೆಂಗಸು ತನ್ನ ಕಂಬಳಿ ಹೊದೆಸುತ್ತಾಳೆ ಎಂದು ದೊಡ್ಡವ್ವ ಹೇಳಿದ್ದು ನನಗೆ ನೆನಪಿದೆ. ಪುಸ್ತಕದಲ್ಲಿ ಆ ಹೆಂಗಸು ಇಲ್ಲ, ಕಂಬಳಿಯೂ ಇಲ್ಲ. ಅವಳು ಸೇರಿಸಿ ಹೇಳಿದಳೋ, ಅಥವಾ ಚಿಕ್ಕಂದಿನಲ್ಲಿ ಕೇಳಿದ ಯಾವುದೋ ಕತೆಯನ್ನು ನಾನೇ ಆ ಮಧ್ಯಾಹ್ನಕ್ಕೆ ಸೇರಿಸಿಕೊಂಡೆನೋ ತಿಳಿಯದು. ಬಸ್ಸು ಕಾಲುವೆ ದಾಟಿ ಭತ್ತದ ಗದ್ದೆಗಳ ನಡುವೆ ಬರುವವರೆಗೆ ಇದನ್ನೇ ಯೋಚಿಸುತ್ತಿದ್ದೆ.

ಮುಂದಿನ ಶನಿವಾರ ಹೆಂಗಸರು ಬರುವ ಮೊದಲೇ ಮಸ್ಕಿ ತಲುಪಿದೆ. ಯಂತ್ರವನ್ನು ಹಿಂದಿರುಗಿಸಲು ಇನ್ನೂ ಅವಕಾಶವಿತ್ತು. ಇನ್ನಷ್ಟು ಹಣ ಕೂಡಿಸಿ ದೊಡ್ಡ ಪರದೆಯದನ್ನು ತರಬಹುದಿತ್ತು, ಇಲ್ಲವೇ ತಾನೇ ಓದಿ ಹೇಳುವಂಥದ್ದನ್ನು. ಆದರೆ ತಾನೇ ಓದುವ ಯಂತ್ರ ಬಂದರೆ ಗೋಡೆಯ ಆ ಜಾಗದಲ್ಲಿ ದೊಡ್ಡವ್ವನಿಗೆ ಏನು ಕೆಲಸ? ಏನೇ ಮಾಡುವುದಿದ್ದರೂ ಅವಳ ಬಾಯಿಂದ ಒಂದು ಮಾತು ಬೇಕಿತ್ತು. ಅವಳು ಗೂಡಿನಿಂದ ಕೆಂಪು ವಸ್ತ್ರ ತೆಗೆದು ಬಿಚ್ಚುತ್ತಿದ್ದಳು. ಸೊಸೆ ಅಡುಗೆಮನೆಯಲ್ಲಿದ್ದಳು, ಅವಳಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದೆ. ದೊಡ್ಡವ್ವ ವಸ್ತ್ರವನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು, “ಬಾಗಲಾ ತೆರಿ, ಮಂದಿ ಬರೂ ಹೊತ್ತಾತು,” ಎಂದಳು. ಹಿಂದಿರುಗಿಸುವ ಗಡುವು ಮುಗಿದುಹೋಗಿದೆ. ಈಗಲೂ ಮಧ್ಯಾಹ್ನ ಅವಳೇ ಓದುತ್ತಾಳೆ, ಯಂತ್ರ ಎಲ್ಲರ ಕೈ ದಾಟಿ ಅವಳಲ್ಲಿಗೆ ಬರುತ್ತದೆ. ಆ ದಿನ ನಾನು ಕೇಳಿದ್ದು ಇಷ್ಟೇ:

“ದೊಡ್ಡವ್ವಾ, ಅದರಾಗಿನ ಅಕ್ಷರ ನಿನಗ ಕಾಣ್ತಾವೇನು?”